ಮುನಾಜರಾ ಮತ್ತು ಮುಕಾಲಮಾ

ಉರ್ದುವಿನಲ್ಲಿ ಎರಡು ಪದಗಳಿವೆ. ಎದುರಾಳಿಯನ್ನು ಸೋಲಿಸಲು ಹೂಡುವ ವಾದ ಮುನಾಜರಾ. ಪರಸ್ಪರ ಕೂತು ಆಡುವ ಮಾತು ಮುಕಾಲಮಾ. ಇವೆರಡರ ಅಂತರವನ್ನು ಮೊಗಲರ ಕಾಲದ ಎರಡು ಘಟನೆಗಳು ನಮಗೆ ತೋರಿಸಿಕೊಡುತ್ತವೆ.

1575ರಲ್ಲಿ ಅಕ್ಬರ್ ಬಾದಶಹ ಫತೇಪುರ ಸಿಕ್ರಿಯಲ್ಲಿ ಇಬಾದತ್‌ಖಾನಾ ಕಟ್ಟಿಸಿದ. ಗುರುವಾರ ರಾತ್ರಿಗಳಲ್ಲಿ ಅಲ್ಲಿ ಧಾರ್ಮಿಕ ಚರ್ಚೆ ನಡೆಯುತ್ತಿತ್ತು. ಆರಂಭದಲ್ಲಿ ಬರುತ್ತಿದ್ದವರೆಲ್ಲ ಮುಸ್ಲಿಮರೇ. ಆದರೂ ಜಗಳ ತಪ್ಪಲಿಲ್ಲ. ಅದು ಮೊದಲು ಎದ್ದದ್ದು ಯಾವುದೇ ತತ್ವದ ಬಗ್ಗೆ ಅಲ್ಲ, ಯಾರು ಎಲ್ಲಿ ಕೂರಬೇಕು ಎಂಬುದರ ಬಗ್ಗೆ! ಬಾದಶಹ ಅಮೀರರನ್ನು ಪೂರ್ವಕ್ಕೆ, ಸೈಯದರನ್ನು ಪಶ್ಚಿಮಕ್ಕೆ, ಉಲೇಮಾಗಳನ್ನು ದಕ್ಷಿಣಕ್ಕೆ, ಸೂಫಿ ಶೇಖರನ್ನು ಉತ್ತರಕ್ಕೆ ಕೂರಿಸಬೇಕಾಯಿತು. ಒಬ್ಬರು ಹಲಾಲ್ ಎಂದದ್ದನ್ನು ಇನ್ನೊಬ್ಬರು ಹರಾಮ್ ಎಂದರು. ಒಂದು ರಾತ್ರಿ ಕೂಗಾಟ ಮಿತಿಮೀರಿದಾಗ, ಅಸಂಬದ್ಧ ಮಾತಾಡುವವರ ಹೆಸರು ತಿಳಿಸು, ಹೊರಗೆ ಕಳಿಸುತ್ತೇನೆ ಎಂದು ಅಕ್ಬರ್ ಬದಾಯೂನಿಗೆ ಹೇಳಿದ. ಹಾಗಾದರೆ ಹೆಚ್ಚಿನವರು ಎದ್ದು ಹೋಗಬೇಕಾದೀತು ಎಂದು ಬದಾಯೂನಿ ಪಕ್ಕದವರ ಕಿವಿಯಲ್ಲಿ ಪಿಸುಗುಟ್ಟಿದ. ಇದನ್ನು ಬರೆದಿಟ್ಟವನು ಬದಾಯೂನಿಯೇ. ಸ್ವತಃ ಅವನೂ ಒಬ್ಬ ಮುಲ್ಲಾ.

ಮುಂದೆ ಹಿಂದೂ, ಜೈನ, ಪಾರ್ಸಿ ವಿದ್ವಾಂಸರೂ 1580ರಲ್ಲಿ ಬಂದ ಜೆಸುಯಿಟ್ ಪಾದ್ರಿಗಳೂ ಚರ್ಚೆಯಲ್ಲಿ ಸೇರಿದರು. ಬಾಗಿಲು ದೊಡ್ಡದಾಯಿತು, ಗೆಲ್ಲುವ ಹಟ ಹಾಗೆಯೇ ಉಳಿಯಿತು. ಕೊನೆಗೆ ಆ ಸಭೆಗಳೇ ನಿಂತುಹೋದವು.

ಎರಡನೆಯದು 1653ರ ಲಾಹೋರ್. ಕಂದಹಾರ್ ಯುದ್ಧದಲ್ಲಿ ಸೋತು ಬಂದ ಶಹಜಾದಾ ದಾರಾ ಶಿಕೋಹ್ ಅಲ್ಲಿ ಬಾಬಾ ಲಾಲ್ ಎಂಬ ಹಿಂದೂ ಸಂತರನ್ನು ಕಂಡ. ಪ್ರಶ್ನೆ ಶಹಜಾದಾನದು, ಉತ್ತರ ಫಕೀರರದು. ವಿಗ್ರಹಾರಾಧನೆಯ ಬಗ್ಗೆಯೂ ದಾರಾ ಕೇಳಿದ. ಮನಸ್ಸನ್ನು ಒಂದೆಡೆ ನಿಲ್ಲಿಸಲು ಅದು ಆಸರೆ ಎಂಬ ಅರ್ಥದ ಉತ್ತರ ಬಂತು. ದಾರಾ ಖಂಡನೆಗೆ ಇಳಿಯಲಿಲ್ಲ, ಮುಂದಿನ ಪ್ರಶ್ನೆ ಕೇಳಿದ. ಈ ಮಾತುಕತೆ ಪಾರ್ಸಿಯಲ್ಲಿ ಗ್ರಂಥವಾಗಿ ಉಳಿಯಿತು. ಅದರಲ್ಲಿ ಮುನ್ಷಿ ಚಂದ್ರಭಾನ್ ಬ್ರಾಹ್ಮಣನ ಪಾತ್ರವಿತ್ತು. 1657ರಲ್ಲಿ ದಾರಾ ಪಂಡಿತರ ನೆರವಿನಿಂದ ಐವತ್ತು ಉಪನಿಷತ್ತುಗಳನ್ನು ಪಾರ್ಸಿಗೆ ತಂದ. ಅವನೇನೂ ಮುಸ್ಲಿಮನಾಗಿರುವುದನ್ನು ಬಿಟ್ಟಿರಲಿಲ್ಲ. ಆದರೂ ಸಿಂಹಾಸನದ ಕಾಳಗದಲ್ಲಿ ಸೋತ ಮೇಲೆ, 1659ರಲ್ಲಿ, ಧರ್ಮಭ್ರಷ್ಟತೆಯ ಆರೋಪ ಹೊರಿಸಿ ಅವನನ್ನು ಕೊಲ್ಲಲಾಯಿತು. ಸಂವಾದಕ್ಕೆ ಬೆಲೆ ತೆರಬೇಕಾಗುತ್ತದೆ ಎಂಬುದನ್ನು ನಾವು ಮರೆಯುವಂತಿಲ್ಲ.

ನಮ್ಮ ಸೌಹಾರ್ದ ಸಭೆಗಳಲ್ಲಿ ಇಂದಿಗೂ ವೇದಿಕೆಯ ಕುರ್ಚಿಗಾಗಿ ಮುನಿಸು ನಡೆಯುತ್ತದೆ. ಪ್ರತಿಯೊಬ್ಬರೂ ತಮ್ಮ ಧರ್ಮವನ್ನು ಹೊಗಳಿ, ಚಹಾ ಕುಡಿದು ಚದುರುತ್ತೇವೆ. ಇನ್ನೊಬ್ಬರ ನಂಬಿಕೆಯನ್ನು ಅವರ ಬಾಯಿಂದಲೇ ಕೇಳುವುದಿಲ್ಲ. ಅಷ್ಟೇಕೆ, ಒಂದೇ ಊರಿನ ಎರಡು ಜಮಾಅತ್‌ಗಳವರು ಒಂದೆಡೆ ಕೂತು ಮಾತಾಡುವುದೇ ಅಪರೂಪ. ಇಬಾದತ್‌ಖಾನಾ ಕಟ್ಟುವುದು ನಮ್ಮಿಂದಾಗದು. ಆದರೆ ಉತ್ತರ ಗೊತ್ತಿಲ್ಲದ ಒಂದು ಪ್ರಶ್ನೆಯನ್ನು ಪಕ್ಕದ ಮನೆಯವರಿಗೆ ಕೇಳಿ, ಅವರು ಮುಗಿಸುವವರೆಗೆ ಸುಮ್ಮನಿರುವುದು ನಮ್ಮಿಂದಾಗದೆ?