ಮುಂಬಯಿಯ ಶಿಕ್ಷಕನೂ ಆದರ್ಶ ಅನಿಲವೂ

ಉಷ್ಣತೆ ಬದಲಾಗದಂತೆ ನೋಡಿಕೊಂಡು ಅನಿಲದ ಗಾತ್ರವನ್ನು ಅರ್ಧಕ್ಕಿಳಿಸಿದರೆ ಅದರ ಒತ್ತಡ ಇಮ್ಮಡಿಯಾಗುತ್ತದೆ. ರಾಬರ್ಟ್ ಬಾಯ್ಲ್ 1662ರಲ್ಲಿ ಪ್ರಕಟಿಸಿದ ಈ ನಿಯಮವನ್ನು ಪ್ರೌಢಶಾಲೆಯ ಮಕ್ಕಳೆಲ್ಲರೂ ಕಲಿಯುತ್ತಾರೆ. ಹೀಗೇಕಾಗುತ್ತದೆ ಎಂದು ಕೇಳಿದವರ ಚರಿತ್ರೆ ಮಾತ್ರ ಅಷ್ಟಾಗಿ ಪ್ರಚಾರದಲ್ಲಿಲ್ಲ. ಅದರ ಒಂದು ಅಧ್ಯಾಯ ನಡೆದುದು ಮುಂಬಯಿಯಲ್ಲಿ.

ಡೇನಿಯಲ್ ಬರ್ನೂಲಿಯು 1738ರ ತನ್ನ 'ಹೈಡ್ರೊಡೈನಾಮಿಕಾ' ಗ್ರಂಥದಲ್ಲಿ ಮೊದಲ ಉತ್ತರವಿತ್ತನು. ಅನಿಲವೆಂದರೆ ಎಲ್ಲ ದಿಕ್ಕುಗಳಿಗೂ ಧಾವಿಸುವ ಅಸಂಖ್ಯ ಕಣಗಳು; ಅವು ಪಾತ್ರೆಯ ಗೋಡೆಗೆ ಬಡಿಯುವುದೇ ಒತ್ತಡ. ಸ್ಥಳ ಕಿರಿದಾದಷ್ಟೂ ಬಡಿತ ಹೆಚ್ಚು. ಕಣಗಳ ಗಾತ್ರ ನಗಣ್ಯ, ಅವುಗಳ ನಡುವೆ ಆಕರ್ಷಣೆಯಿಲ್ಲ ಎಂದು ಭಾವಿಸಿದರೆ ಲೆಕ್ಕ ಸರಳವಾಗುತ್ತದೆ. ಇದೇ ಆದರ್ಶ ಅನಿಲದ ಕಲ್ಪನೆ. ಆದರೆ ಉಷ್ಣವು ಒಂದು ಸೂಕ್ಷ್ಮ ದ್ರವ್ಯವೆಂದು ನಂಬಿದ್ದ ಪಂಡಿತರು ಇದನ್ನು ಬಹುಕಾಲ ಲಕ್ಷಿಸಲಿಲ್ಲ.

ಸ್ಕಾಟ್ಲೆಂಡಿನ ಜಾನ್ ಜೇಮ್ಸ್ ವಾಟರ್‌ಸ್ಟನ್ ಮುಂಬಯಿಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನೌಕಾ ತರುಣರಿಗೆ ಪಾಠ ಹೇಳುತ್ತಿದ್ದನು. ಬಿಡುವಿನ ವೇಳೆಯಲ್ಲಿ ಅವನು ಈ ವಿಚಾರವನ್ನು ಬಹಳ ಮುಂದಕ್ಕೆ ಕೊಂಡೊಯ್ದನು. ಅನಿಲದ ಉಷ್ಣತೆಯು ಅಣುಗಳ ವೇಗದ ವರ್ಗವನ್ನು ಅನುಸರಿಸುತ್ತದೆ. ಬೆರೆತ ಅನಿಲಗಳಲ್ಲಿ ಹಗುರ ಅಣುಗಳು ವೇಗವಾಗಿಯೂ ಭಾರದವು ನಿಧಾನವಾಗಿಯೂ ಚಲಿಸಿ, ಸರಾಸರಿ ಚಲನಶಕ್ತಿಯಲ್ಲಿ ಸಮನಾಗಿರುತ್ತವೆ ಎಂದು ಪ್ರತಿಪಾದಿಸಿದನು. 1845ರಲ್ಲಿ ಪ್ರಬಂಧವನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ಕಳುಹಿಸಿದನು.

ಪರಿಶೀಲಕರಲ್ಲೊಬ್ಬರು ಅದನ್ನು ಅರ್ಥಹೀನವೆಂದು ತಳ್ಳಿಹಾಕಿದರು. ಚಿಕ್ಕ ಸಾರಾಂಶವೊಂದು ಮಾತ್ರ ಅಚ್ಚಾಯಿತು. ಹಸ್ತಪ್ರತಿ ಸೊಸೈಟಿಯ ಕಡತಗಳಲ್ಲಿ ಉಳಿಯಿತು. ಮುಂದೆ ಕ್ಲಾಸಿಯಸ್ 1857ರಲ್ಲಿಯೂ ಮ್ಯಾಕ್ಸ್‌ವೆಲ್ 1860ರಲ್ಲಿಯೂ ಇದೇ ಹಾದಿಯಲ್ಲಿ ನಡೆದು ಕೀರ್ತಿ ಪಡೆದರು. 1883ರ ಜೂನ್ ತಿಂಗಳಲ್ಲಿ ಎಡಿನ್‌ಬರೋದ ಮನೆಯಿಂದ ಹೊರಟ ವಾಟರ್‌ಸ್ಟನ್ ಮತ್ತೆ ಹಿಂದಿರುಗಲೇ ಇಲ್ಲ.

1891ರಲ್ಲಿ ಲಾರ್ಡ್ ರೇಲಿಯು ಆ ಹಸ್ತಪ್ರತಿಯನ್ನು ಹುಡುಕಿ ತೆಗೆದು, ಮರುವರ್ಷ ತನ್ನ ಮುನ್ನುಡಿಯೊಡನೆ ಅಚ್ಚು ಹಾಕಿಸಿದನು. ಅದು ಆಗಲೇ ಪ್ರಕಟವಾಗದೆಹೋದುದರಿಂದ ಶಾಸ್ತ್ರದ ಪ್ರಗತಿ 10–15 ವರ್ಷ ಹಿಂದೆ ಬಿತ್ತೆಂಬುದು ಅವನ ಅಭಿಪ್ರಾಯ.

ಆದರ್ಶ ಅನಿಲ ಪ್ರಕೃತಿಯಲ್ಲಿ ಎಲ್ಲಿಯೂ ಇಲ್ಲ. ಒತ್ತಡ ಬಹಳ ಹೆಚ್ಚಿದಾಗ, ಉಷ್ಣತೆ ಬಹಳ ಇಳಿದಾಗ ಅದರ ಲೆಕ್ಕ ತಪ್ಪುತ್ತದೆ. ಅಣುಗಳ ಗಾತ್ರವನ್ನೂ ಪರಸ್ಪರ ಆಕರ್ಷಣೆಯನ್ನೂ ಗಣನೆಗೆ ತಂದು 1873ರಲ್ಲಿ ಅದನ್ನು ತಿದ್ದಿದವನು ವಾನ್ ಡರ್ ವಾಲ್ಸ್. ಆದರೂ ತಿದ್ದುವುದಕ್ಕೆ ಮೊದಲು ಸರಳ ಮಾದರಿಯೊಂದು ಬೇಕಿತ್ತು.

ಕೇಂದ್ರದಿಂದ ದೂರವಿದ್ದು ಬರೆಯುವವರ ಕಷ್ಟ ಗಡಿನಾಡಿನ ನಮಗೆ ಹೊಸದಲ್ಲ. ನಮ್ಮ ಊರುಗಳ ಶಿಕ್ಷಕರು ಬರೆದಿಟ್ಟುಹೋದ ಹಸ್ತಪ್ರತಿಗಳು ಯಾರ ಮನೆಯ ಪೆಟ್ಟಿಗೆಯಲ್ಲಾದರೂ ಇದ್ದರೆ, ಗೆದ್ದಲಿಗೆ ಬಿಡದೆ ಸಂಘಕ್ಕೆ ತಲುಪಿಸಿರೆಂದು ಸದಸ್ಯ ಕುಟುಂಬಗಳಲ್ಲಿ ನನ್ನ ವಿನಂತಿ.