ಮುರಕಲ್ಲು, ಹಂಚು, ಹಲಸು: ರಾಮಕುಂಜದ ಸುತ್ತಲಿನ ಸುಸ್ಥಿರ ಬದುಕು

ರಾಮಕುಂಜ ದಕ್ಷಿಣ ಕನ್ನಡ ಜಿಲ್ಲೆಯ ಕಡಬ ತಾಲ್ಲೂಕಿನ ಗ್ರಾಮ. ಹೊಸ ತಾಲ್ಲೂಕು ಆಗುವ ಮೊದಲು ಪುತ್ತೂರಿಗೆ ಸೇರಿತ್ತು. ಪೇಜಾವರ ಮಠದ ವಿಶ್ವೇಶತೀರ್ಥ ಸ್ವಾಮೀಜಿ 1931ರಲ್ಲಿ ಹುಟ್ಟಿದ ಊರೆಂದು ಹೊರಗಿನವರು ಇದನ್ನು ಬಲ್ಲರು. ಉಪ್ಪಿನಂಗಡಿಯಿಂದ ಕಡಬದ ಕಡೆಗೆ ಹೋಗುವ ಈ ಭಾಗದಲ್ಲಿ ಎಲ್ಲೆಲ್ಲೂ ಮುರಕಲ್ಲಿನ ಗುಡ್ಡ, ಗುಡ್ಡದ ಬುಡದಲ್ಲಿ ಅಡಿಕೆ ತೋಟ. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ. ಹಸಿರು ಕಟ್ಟಡ, ಸ್ಥಳೀಯ ಆಹಾರ ಎಂದು ಪಟ್ಟಣಗಳಲ್ಲಿ ಈಗ ಚರ್ಚೆಯಾಗುವ ಎರಡೂ ಸಂಗತಿಗಳು ಇಲ್ಲಿ ಬಹುಕಾಲ ಒಂದೇ ನೆಲದಿಂದ ಒದಗುತ್ತಿದ್ದವು. ಗೋಡೆಯ ಕಲ್ಲು ಇಂದಿಗೂ ಊರಿನದೇ. ಊಟದ ಬಹುಪಾಲು ಮಾತ್ರ ಲಾರಿಯಲ್ಲಿ ಬರುತ್ತಿದೆ.

ಗೋಡೆ

ಮುರಕಲ್ಲನ್ನು ಕೆಂಪುಕಲ್ಲು ಎಂದೂ ಕರೆಯುತ್ತಾರೆ. ನೆಲದೊಳಗೆ ತೇವದಲ್ಲಿರುವಾಗ ಇದು ಪಿಕ್ಕಾಸಿನಿಂದ ಕಡಿಯಬಹುದಾದಷ್ಟು ಮೆದು. ಕಡಿದು ಗಾಳಿ ಬಿಸಿಲಿಗೆ ಇಟ್ಟರೆ, ಒಳಗಿನ ಕಬ್ಬಿಣದ ಅಂಶದಿಂದಾಗಿ ಗಟ್ಟಿಯಾಗುತ್ತದೆ. ಮಲಬಾರಿನ ಅಂಗಡಿಪುರಂನಲ್ಲಿ ಇದೇ ಕಲ್ಲನ್ನು ನೋಡಿದ ಫ್ರಾನ್ಸಿಸ್ ಬುಕನನ್, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಕಥನದಲ್ಲಿ ಅದಕ್ಕೆ ಲ್ಯಾಟರೈಟ್ ಎಂಬ ಹೆಸರು ಕೊಟ್ಟ.

ಈ ಕಲ್ಲಿಗೆ ಭಟ್ಟಿ ಬೇಡ, ಅದರ ದೊಡ್ಡ ಗುಣ ಅದೇ. ಸಿಮೆಂಟಿನ ಕ್ಲಿಂಕರ್ ತಯಾರಾಗಲು ಸುಮಾರು 1,450 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ಜೊತೆಗೆ ಸುಣ್ಣದ ಕಲ್ಲು ಸುಡುವಾಗ ಅದರೊಳಗಿನಿಂದಲೇ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಜಗತ್ತಿನಲ್ಲಿ ಮನುಷ್ಯರು ಹೊರಸೂಸುವ ಒಟ್ಟು ಇಂಗಾಲದ ಡೈಆಕ್ಸೈಡ್‌ನಲ್ಲಿ ಸಿಮೆಂಟಿನ ಪಾಲು ಶೇ. 7ರಿಂದ 8. ಹಾಗಾಗಿ ಮುರಕಲ್ಲಿನ ಗೋಡೆ ಕಟ್ಟಿ, ಅದಕ್ಕೆ ಒಳಗೂ ಹೊರಗೂ ದಪ್ಪನೆ ಸಿಮೆಂಟ್ ಸಾರಣೆ ಮಾಡಿ ಬಣ್ಣ ಬಳಿದರೆ ಕಲ್ಲಿನ ಲಾಭದ ಒಂದು ಪಾಲು ಅಲ್ಲೇ ಕರಗುತ್ತದೆ. ಹಳೆಯ ಮನೆಗಳಲ್ಲಿ ಕಲ್ಲುಗಳ ನಡುವೆ ಕಲಸಿದ ಮಣ್ಣು ಅಥವಾ ಚಿಪ್ಪಿನ ಸುಣ್ಣ ಇರುತ್ತಿತ್ತು. ಚೆನ್ನಾಗಿ ಕೆತ್ತಿದ ಕಲ್ಲನ್ನು ಸಾರಣೆಯಿಲ್ಲದೆ ಹಾಗೇ ಬಿಡುವ ಕ್ರಮ ಈಗ ಮತ್ತೆ ಕಾಣಿಸುತ್ತಿರುವುದು ಒಳ್ಳೆಯ ಸೂಚನೆ. ಆದರೆ ಅಂಥ ಗೋಡೆಗೆ ಮಳೆ ನೇರವಾಗಿ ಹೊಡೆಯಬಾರದು. ಅದನ್ನು ಕಾಯಬೇಕಾದದ್ದು ಮಾಡು, ಅಂದರೆ ಮನೆಯ ಚಾವಣಿ.

ಮಾಡು

ಮೊದಲು ಮಾಡಿಗೆ ಹೊದಿಸುತ್ತಿದ್ದದ್ದು ಮುಳಿಹುಲ್ಲು, ಅಡಿಕೆ ಸೋಗೆ, ಹೆಣೆದ ತೆಂಗಿನ ಮಡಲು. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಮಂಗಳೂರು ಹಂಚು ಒಳನಾಡಿಗೂ ಬಂತು. ಹಂಚು ಸುಡಲು ಕಟ್ಟಿಗೆ ಬೇಕು, ಆ ಲೆಕ್ಕವನ್ನು ಮರೆಯುವಂತಿಲ್ಲ. ಆದರೆ ಒಮ್ಮೆ ಸುಟ್ಟ ಹಂಚು ತಲೆಮಾರುಗಳ ಕಾಲ ಬಾಳುತ್ತದೆ, ಒಂದು ಮನೆಯಿಂದ ಇಳಿಸಿ ಇನ್ನೊಂದಕ್ಕೆ ಹೊದಿಸಲೂ ಬರುತ್ತದೆ. ಹಳೆಮನೆ ಕೆಡವಿದಾಗ ಸಿಗುವ ಹಂಚನ್ನು ಕೊಳ್ಳುವುದಕ್ಕಿಂತ ಹಸಿರಾದ ಆಯ್ಕೆ ಮಾಡಿನ ವಿಷಯದಲ್ಲಿ ಬೇರೆ ಇಲ್ಲ. ಪಕ್ಕಾಸಿಗೆ ಹಲಸಿನ ಮರ, ಅದರ ಮೇಲಿನ ಪಟ್ಟಿಗೆ ಸೀಳಿದ ಅಡಿಕೆ ಮರದ ಸಲಾಕೆ ತೋಟದಿಂದಲೇ ಬರುತ್ತಿದ್ದವು.

ಈಗ ಹೊಸ ಮನೆಯೆಂದರೆ ಸಾಮಾನ್ಯವಾಗಿ ಕಾಂಕ್ರೀಟ್ ತಾರಸಿ. ಬೇಸಿಗೆಯಲ್ಲಿ ಅದು ಕಾಯುತ್ತದೆ, ಮಳೆಗಾಲದಲ್ಲಿ ಸೋರಲು ಶುರುಮಾಡುತ್ತದೆ. ಕೊನೆಗೆ ಅದರ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ತಗಡಿನ ಶೀಟು ಹಾಕಿಸುತ್ತಾರೆ. ಒಂದೇ ಮನೆಗೆ ಎರಡು ಮಾಡು! ಪುತ್ತೂರು, ಸುಳ್ಯ, ಕಡಬಗಳಲ್ಲಿ ಯಾವ ರಸ್ತೆಯಲ್ಲಿ ಹೋದರೂ ಈ ನೋಟ ಸಿಗುತ್ತದೆ. ಇಷ್ಟು ಮಳೆ ಬೀಳುವ ಊರಿಗೆ ಇಳಿಜಾರು ಮಾಡೇ ಸರಿ.

ಕಲ್ಲು ತೆಗೆದ ಮೇಲೆ

ಮುರಕಲ್ಲಿನ ಗುಡ್ಡ ಬರೀ ಕಲ್ಲಿನ ರಾಶಿಯಲ್ಲ. ಅದರ ತೂತುಗಳಲ್ಲಿ ಮಳೆನೀರು ಇಂಗಿ ಕೆಳಗಿನ ಬಾವಿ, ಕೆರೆ, ಸುರಂಗಗಳಿಗೆ ಇಳಿಯುತ್ತದೆ. ಬಂಟ್ವಾಳ ತಾಲ್ಲೂಕಿನ ಕೇಪು ಗ್ರಾಮದ ಅಮೈ ಮಹಾಲಿಂಗ ನಾಯ್ಕರು ಒಣಗುಡ್ಡದಲ್ಲಿ ಒಬ್ಬರೇ ಸುರಂಗ ಕೊರೆದು ನೀರು ತಂದು ತೋಟ ಎಬ್ಬಿಸಿದವರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅಂಥ ಗುಡ್ಡವನ್ನು ಯಂತ್ರವಿಟ್ಟು ಮಿತಿಯಿಲ್ಲದೆ ಕೊಯ್ದರೆ ನೀರಿನ ದಾರಿಯೂ ಕಡಿಯುತ್ತದೆ. 2025ರಲ್ಲಿ ಅಕ್ರಮ ಕೆಂಪುಕಲ್ಲು ಗಣಿಗಾರಿಕೆಗೆ ತಡೆ ಬಿದ್ದಾಗ ಜಿಲ್ಲೆಯಲ್ಲಿ ಮನೆ ಕಟ್ಟುವ ಕೆಲಸಗಳು ಕಲ್ಲಿಲ್ಲದೆ ನಿಂತವು. ಹತ್ತಿರದ ಕಲ್ಲು ಎಂಬ ಕಾರಣಕ್ಕೇ ಅದು ನಿರಪಾಯವೆಂದು ತಿಳಿಯಬಾರದು. ಸಣ್ಣ ಮನೆ ಕಟ್ಟುವುದು, ಹಳೆಗೋಡೆಯ ಕಲ್ಲನ್ನು ಮತ್ತೆ ಬಳಸುವುದು, ಬಿಟ್ಟುಹೋದ ಹೊಂಡಗಳಿಗೆ ಬೇಲಿ ಹಾಕಿ ಮಳೆನೀರು ಇಂಗಿಸುವುದು ಈ ಲೆಕ್ಕದಲ್ಲಿ ಸೇರಬೇಕು.

ಗದ್ದೆ ಹೋದ ಮೇಲೆ

ಏಣೆಲು, ಸುಗ್ಗಿ, ಕೊಳಕೆ ಎಂದು ಭತ್ತದ ಮೂರು ಬೆಳೆ ತೆಗೆಯುತ್ತಿದ್ದ ಗದ್ದೆಗಳು ಈ ಭಾಗದಲ್ಲಿ ಬಹುತೇಕ ಅಡಿಕೆ ತೋಟಗಳಾಗಿವೆ. ರೈತರನ್ನು ದೂರುವುದು ಸುಲಭ, ಆದರೆ ನ್ಯಾಯವಲ್ಲ. ನಾಟಿಗೆ, ಕೊಯ್ಲಿಗೆ ಜನ ಸಿಗಲಿಲ್ಲ, ಭತ್ತದ ಬೆಲೆ ಏಳಲಿಲ್ಲ. ಅಡಿಕೆಗೆ 1973ರಲ್ಲಿ ಹುಟ್ಟಿದ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊದ ಆಸರೆ ಇತ್ತು. ಆದರೂ ಒಂದೇ ಬೆಳೆಯ ಅಪಾಯ ಏನೆಂದು ಸುಳ್ಯದ ಸಂಪಾಜೆ, ಅರಂತೋಡು ಕಡೆಯವರನ್ನು ಕೇಳಬೇಕು. ಹಳದಿ ಎಲೆ ರೋಗ ಅಲ್ಲಿ ತೋಟಗಳನ್ನೇ ಬೋಳಾಗಿಸಿದೆ. ಅಡಿಕೆ ಹೋದರೆ ಅಕ್ಕಿ ಕೊಳ್ಳುವ ಹಣವೂ ಹೋಗುತ್ತದೆ.

ಇಲ್ಲೊಂದು ಮಾತು ಸ್ಪಷ್ಟವಾಗಬೇಕು. ಆಹಾರದಿಂದಾಗುವ ಹೊರಸೂಸುವಿಕೆಯಲ್ಲಿ ಸಾಗಣೆಯ ಪಾಲು ಸಾಮಾನ್ಯವಾಗಿ ಚಿಕ್ಕದು, ಬೆಳೆಯುವ ಕ್ರಮದ ಪಾಲು ದೊಡ್ಡದು. ಆದ್ದರಿಂದ ಹತ್ತಿರ ಬೆಳೆದದ್ದು ಎಂಬುದಷ್ಟೇ ಸಾಲದು. ನೀರು, ಗೊಬ್ಬರ, ಸಿಂಪಡಣೆ ಬೇಡದ ಆಹಾರ ಅಂಗಳದಲ್ಲಿ ಬಿದ್ದು ಕೊಳೆಯುತ್ತಿರುವಾಗ ಅದನ್ನು ಬಿಟ್ಟು ಪೇಟೆಯ ತರಕಾರಿ ತರುವುದೇ ನಿಜವಾದ ನಷ್ಟ.

ಹಲಸಿನ ಲೆಕ್ಕ

ಆ ನಷ್ಟದಲ್ಲಿ ಹಲಸು ಎಲ್ಲಕ್ಕಿಂತ ದೊಡ್ಡದು. ಎಳೆಯ ಗುಜ್ಜೆ ಪಲ್ಯಕ್ಕೆ, ಬೆಳೆದ ಕಾಯಿಯ ಸೊಳೆ ಹುಳಿಗೆ, ಹಪ್ಪಳಕ್ಕೆ. ಹಣ್ಣು ಗಟ್ಟಿ ಎಂಬ ಕಡುಬಿಗೆ, ಬೀಜ ಸಾಂಬಾರಿಗೆ, ಎಲೆ ಕೊಟ್ಟೆ ಕಟ್ಟಲು. ಸೊಳೆಯನ್ನು ಉಪ್ಪಿನಲ್ಲಿ ಹಾಕಿ ಭರಣಿಯಲ್ಲಿಟ್ಟರೆ ತಿಂಗಳುಗಟ್ಟಲೆ ತರಕಾರಿಯ ಚಿಂತೆಯಿಲ್ಲ. ಫ್ರಿಜ್ಜೂ ಬೇಡ, ವಿದ್ಯುತ್ತೂ ಬೇಡ. ಮರ ಮುದಿಯಾದ ಮೇಲೆ ಮನೆಯ ಬಾಗಿಲಾಗುತ್ತದೆ. ಊಟಕ್ಕೂ ಮನೆಗೂ ಹಲಸಿನಷ್ಟು ಒದಗುವ ಮರ ಈ ಸೀಮೆಯಲ್ಲಿ ಇನ್ನೊಂದಿಲ್ಲ. ತೆಂಗು ಹತ್ತಿರ ಬರಬಹುದು.

ಪುತ್ತೂರಿನಿಂದ 1988ರಿಂದ ಪ್ರಕಟವಾಗುತ್ತಿರುವ ‘ಅಡಿಕೆ ಪತ್ರಿಕೆ’ ಮತ್ತು ಅದರ ಸಂಪಾದಕ ಶ್ರೀಪಡ್ರೆಯವರು ಹಲಸಿನ ಮೌಲ್ಯವರ್ಧನೆಯ ಬಗ್ಗೆ ವರ್ಷಗಟ್ಟಲೆ ಬರೆದರು. 2021ರಲ್ಲಿ ಕೊರೋನಾ ಕಾಲದಲ್ಲಿ ಬಾಳೆಕಾಯಿಗೆ ಬೆಲೆ ಕುಸಿದಾಗ ಬಾಳೆಕಾಯಿ ಹುಡಿ ಮಾಡುವ ‘ಬಾಕಾಹು’ ಆಂದೋಲನಕ್ಕೂ ಇದೇ ಪತ್ರಿಕೆ ಚಾಲನೆ ಕೊಟ್ಟಿತು. ಒಣಗಿಸಿ ಹುಡಿ ಮಾಡಿದ ಕಾಯಿ ದೋಸೆಗೂ ರೊಟ್ಟಿಗೂ ಆಯಿತು.

ಮಳೆಗಾಲದ ಅಡುಗೆಯಲ್ಲಿ ಬಿತ್ತದೆ ಬರುವ ಪದಾರ್ಥಗಳು ಇನ್ನೂ ಇವೆ: ಕೆಸುವಿನ ಪತ್ರೊಡೆ, ಕಣಿಲೆ (ಎಳೆಬಿದಿರು), ತಗತೆ ಸೊಪ್ಪು, ಒಂದೆಲಗದ ತಂಬುಳಿ. ಬೇಸಿಗೆಗೆ ಪುನರ್ಪುಳಿ. ಕಣಿಲೆಯನ್ನು ಮಾತ್ರ ಹೆಚ್ಚಿ, ನೀರು ಬದಲಿಸುತ್ತಾ ಎರಡು ಮೂರು ದಿನ ನೆನೆಸಿ, ಚೆನ್ನಾಗಿ ಬೇಯಿಸಬೇಕು. ಹಸಿಯದರಲ್ಲಿ ವಿಷದ ಅಂಶವಿದೆ.

ಬೀಜ

ಗದ್ದೆಗಳು ಮರಳುವುದು ಕಷ್ಟವಾದರೂ ತಳಿಗಳನ್ನು ಕಳೆದುಕೊಳ್ಳಬೇಕಿಲ್ಲ. ಪುತ್ತೂರಿನ ಗಡಿಗೆ ಸಮೀಪದ, ಕಾಸರಗೋಡು ಜಿಲ್ಲೆಯ ನೆಟ್ಟಣಿಗೆಯ ಸತ್ಯನಾರಾಯಣ ಬೆಳೇರಿ ಅವರು 650ಕ್ಕೂ ಹೆಚ್ಚು ಭತ್ತದ ತಳಿಗಳನ್ನು ಉಳಿಸಿದ್ದಾರೆ. 2024ರಲ್ಲಿ ಅವರಿಗೂ ಪದ್ಮಶ್ರೀ ಸಂದಿತು. ಎಕರೆಗಟ್ಟಲೆ ಗದ್ದೆಯಿಲ್ಲದ ಅವರು ಮೊದಲು ಕಾಗದದ ಲೋಟಗಳಲ್ಲಿ ಸಸಿ ಎಬ್ಬಿಸಿ, ಆಮೇಲೆ ಗ್ರೋಬ್ಯಾಗ್‌ಗಳಿಗೆ ಬದಲಿಸಿ ತೆನೆ ತೆಗೆಯುತ್ತಾರೆ. ಮನೆಯಂಗಳದಷ್ಟು ಜಾಗ ಇರುವ ಯಾರಿಗಾದರೂ ಈ ವಿಧಾನ ಸಾಧ್ಯ.