ಇಳಿಜಾರು ಬಲಿ ಪಡೆದ ಕಸಾರ್ತೆಲ್ಲಿ

ಸೈಕಲ್ಲಿನಲ್ಲಿ ಬೆಟ್ಟ ಹತ್ತುವುದು ಕಷ್ಟ, ಇಳಿಯುವುದು ಸುಲಭ ಎನ್ನುತ್ತೇವೆ. ಆದರೆ ಜೀವಕ್ಕೆ ಎರವಾಗುವುದು ಹೆಚ್ಚಾಗಿ ಇಳಿಯುವ ದಾರಿಯೇ.

ಇಟಲಿಯ ಫಾಬಿಯೊ ಕಸಾರ್ತೆಲ್ಲಿ 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನ ರಸ್ತೆ ಸ್ಪರ್ಧೆಯಲ್ಲಿ ಚಿನ್ನ ಗೆದ್ದವರು. 1995ರ ಜುಲೈ 18ರಂದು ಟೂರ್ ಡಿ ಫ್ರಾನ್ಸ್‌ನಲ್ಲಿ, ಪಿರನೀಸ್ ಪರ್ವತದ ಪೋರ್ತೆ ದಾಸ್ಪೆ ಘಾಟಿ ಇಳಿಯುವಾಗ ಹಲವರೊಂದಿಗೆ ಬಿದ್ದರು. ತಲೆ ರಸ್ತೆಯಂಚಿನ ಕಾಂಕ್ರೀಟ್ ಕಟ್ಟೆಗೆ ಬಡಿಯಿತು. ಹೆಲ್ಮೆಟ್ ಇರಲಿಲ್ಲ. ವಯಸ್ಸು 24, ಮನೆಯಲ್ಲಿ ಪತ್ನಿ, ಹಸುಗೂಸು. ಮರುದಿನ ಯಾರೂ ಪೈಪೋಟಿ ನಡೆಸಲಿಲ್ಲ. ಕೊನೆಯಲ್ಲಿ ಅವರ ಮೋಟರೋಲಾ ತಂಡದವರನ್ನು ಮುಂದೆ ಬಿಟ್ಟು, ಉಳಿದವರೆಲ್ಲ ಹಿಂದೆ ಬಂದರು.

ವೇಗ ಎರಡು ಪಟ್ಟಾದರೆ ಚಲನಶಕ್ತಿ ನಾಲ್ಕು ಪಟ್ಟಾಗುತ್ತದೆ. ಬ್ರೇಕ್ ಹಿಡಿದು ನಿಲ್ಲಲು ಬೇಕಾದ ದೂರವೂ ಹಾಗೆಯೇ ಹೆಚ್ಚುತ್ತದೆ. ಇದು ನಮ್ಮ ವಿಜ್ಞಾನ ಪಾಠದಲ್ಲೇ ಇದೆ.

1991ರಲ್ಲಿ ಹೆಲ್ಮೆಟ್ ಕಡ್ಡಾಯ ಮಾಡಹೊರಟಾಗ ಸವಾರರೇ ವಿರೋಧಿಸಿದ್ದರು. ನಿಯಮ ಬಂದದ್ದು 2003ರಲ್ಲಿ, ಕಜಕಿಸ್ತಾನದ ಆಂದ್ರೇ ಕಿವಿಲೆವ್ ಪ್ಯಾರಿಸ್–ನೀಸ್ ಸ್ಪರ್ಧೆಯಲ್ಲಿ ಬಿದ್ದು ತೀರಿಕೊಂಡ ಮೇಲೆ. ಅದೊಂದೇ ಸಾಲದೆಂದು 2011ರಲ್ಲಿ ಬೆಲ್ಜಿಯಂನ ವೌಟರ್ ವೈಲಾಂಟ್, 2023ರಲ್ಲಿ ಸ್ವಿಟ್ಜರ್ಲೆಂಡಿನ ಜಿನೊ ಮೇಡರ್ ಅವರ ಸಾವುಗಳು ತೋರಿಸಿದವು. ಇಬ್ಬರೂ ಬಿದ್ದದ್ದು ಇಳಿಜಾರಿನಲ್ಲೇ.

ಮಕ್ಕಳೇ, ಹೆಲ್ಮೆಟ್ ತಲೆಯನ್ನು ಕಾಯಬಹುದು. ವೇಗವನ್ನು ಕಾಯಬೇಕಾದವರು ನೀವೇ. ತಿರುವಿಗೆ ಮೊದಲೇ ಬ್ರೇಕ್ ಹಿಡಿಯಿರಿ.